ಇಕಿಗಾಯ್‌ಗಿಂತ ಮೊದಲು ಬುಧವಾರದ ಸಂಜೆ

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಏಪ್ರಿಲ್‌ನಲ್ಲಿ ಟೋಕಿಯೋಗೆ ಬಂದಿದ್ದೀರಿ, ಸಾಫ್ಟ್‌ವೇರ್ ಕೆಲಸ. ಮನೆ ಸೇರುವಾಗ ರಾತ್ರಿ ಹತ್ತು. ಶನಿವಾರ, ಭಾನುವಾರ ಹಾಸಿಗೆ ಬಿಟ್ಟು ಏಳುವ ಮನಸ್ಸಿಲ್ಲ. ಬರುವ ಮೊದಲೇ ಇಕಿಗಾಯ್, ಅಂದರೆ ಬದುಕಬೇಕು ಎನಿಸುವ ಕಾರಣ, ಅದರ ಬಗ್ಗೆ ಓದಿ, ಇಷ್ಟವಾದದ್ದು, ಕೈಬಂದದ್ದು, ಜಗತ್ತಿಗೆ ಬೇಕಾದದ್ದು, ಹಣ ತರುವುದು ಎಂಬ ನಾಲ್ಕು ವೃತ್ತಗಳ ಚಿತ್ರ ಬರೆದು ತುಂಬಿಸಲು ಹೋದಿರಿ. ನಡುವಿನ ಜಾಗ ಖಾಲಿಯೇ ಉಳಿಯಿತು. ಈಗ ಜೂನ್. ಝೆನ್ ಶಿಬಿರಕ್ಕೆ ಹೋಗಲೇ, ಇಲ್ಲಾ ಕೆಲಸವನ್ನೇ ಬಿಡಲೇ ಎಂದು ಕೇಳಿದ್ದೀರಿ.

ಆ ಚಿತ್ರವನ್ನು ಮೊದಲು ಮಡಚಿಡಿ. ಅದು ಜಪಾನಿನದಲ್ಲ. ಸ್ಪೇನಿನವರೊಬ್ಬರು ಬರೆದಿದ್ದ ಚಿತ್ರದ ನಡುವೆ 2014ರಲ್ಲಿ ಬ್ರಿಟನ್ನಿನ ಬ್ಲಾಗರ್ ಒಬ್ಬರು ‘ಇಕಿಗಾಯ್’ ಎಂಬ ಹೆಸರು ಕೂರಿಸಿದರು, ಅಷ್ಟೇ. ಇಲ್ಲಿ ಈ ವಿಷಯವನ್ನು ಆಳವಾಗಿ ನೋಡಿದವರು ಮನೋವೈದ್ಯೆ ಕಾಮಿಯಾ ಮಿಯೆಕೊ. ಒಕಾಯಾಮಾ ಪ್ರಾಂತ್ಯದ ನಾಗಾಶಿಮಾ ದ್ವೀಪದಲ್ಲಿದ್ದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ದುಡಿದವರು. ಇಕಿಗಾಯ್ ಕುರಿತ ಅವರ ಪುಸ್ತಕ ಬಂದದ್ದು 1966ರಲ್ಲಿ. ಊರು, ಮನೆ, ಉದ್ಯೋಗ ಎಲ್ಲ ಕಳೆದುಕೊಂಡು ಒಂದೇ ಕಡೆ ಇರುವವರಲ್ಲಿ ಕೆಲವರಿಗೆ ನಾಳೆ ಬೇಕೆನಿಸುತ್ತದೆ, ಕೆಲವರಿಗೆ ಬೇಡವೆನಿಸುತ್ತದೆ, ಇದು ಯಾಕೆ ಎಂಬುದು ಅವರು ಹಿಡಿದ ಪ್ರಶ್ನೆ. ಸಂಬಳ, ಪ್ರತಿಭೆ, ಮಾರುಕಟ್ಟೆಗೆ ಏನು ಬೇಕು ಎಂಬ ಲೆಕ್ಕ ಅಲ್ಲಿ ಮುಖ್ಯವೇ ಅಲ್ಲ. ಹಾಗಾಗಿ ನಿಮ್ಮ ಕೆಲಸ ನಿಮ್ಮ ಇಕಿಗಾಯ್ ಆಗಿಲ್ಲ ಎಂದು ಕೊರಗಬೇಡಿ. ಇಲ್ಲಿಯ ಎಷ್ಟೋ ಜನರಿಗೆ ಅದು ಕೆಲಸದ ಹೊರಗೇ ಇದೆ: ಮೊಮ್ಮಗು, ತರಕಾರಿ ಮಡಿ, ಗುರುವಾರದ ಹಾಡಿನ ಗುಂಪು.

‘ಇಕಿಗಾಯ್ ಇದ್ದರೆ ಆಯಸ್ಸು ಹೆಚ್ಚು’ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಿಯಾಗಿ ಪ್ರಾಂತ್ಯದ ಓಸಾಕಿ ಭಾಗದ 43,391 ಜನರನ್ನು ಏಳು ವರ್ಷ ಗಮನಿಸಿದ್ದರು. ಇಕಿಗಾಯ್ ಇದೆ ಎಂದವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು, ನಿಜ. ಆದರೆ ಇಲ್ಲ ಎಂದವರಲ್ಲಿ ಸಂಗಾತಿ ಇಲ್ಲದವರು, ಕೆಲಸವಿಲ್ಲದವರು, ಆರೋಗ್ಯ ಸರಿಯಿಲ್ಲ ಎಂದವರು ಹೆಚ್ಚಿದ್ದರು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಅಷ್ಟು ಸುಲಭಕ್ಕೆ ಹೇಳಲಾಗದು. ಒಂಟಿತನ ಮತ್ತು ದಣಿವು ಹಾಗೇ ಇದ್ದರೆ ಬರೀ ತತ್ವ ಹೊಟ್ಟೆ ತುಂಬಿಸುವುದಿಲ್ಲ.

ನಿಮ್ಮ ಈಗಿನ ಸ್ಥಿತಿಗೆ ಇಲ್ಲಿ ಹೆಸರೇ ಇದೆ, ಗೊಗತ್ಸುಬ್ಯೋ, ಮೇ ತಿಂಗಳ ಕಾಯಿಲೆ. ಏಪ್ರಿಲ್‌ನಲ್ಲಿ ಎಲ್ಲರೂ ಹೊಸ ಕೆಲಸ, ಹೊಸ ಶಾಲೆ ಸೇರುತ್ತಾರೆ. ಮೊದಲ ತಿಂಗಳು ಉತ್ಸಾಹದಲ್ಲೇ ಕಳೆಯುತ್ತದೆ. ಮೇ ಮೊದಲ ವಾರದ ಗೋಲ್ಡನ್ ವೀಕ್ ರಜೆ ಮುಗಿದದ್ದೇ ಮನಸ್ಸು ಕುಸಿಯುತ್ತದೆ. ಅದರ ಬೆನ್ನಿಗೆ ಮಳೆಗಾಲ. ಜೂನ್‌ನಲ್ಲಿ ಒಂದೇ ಒಂದು ಸರ್ಕಾರಿ ರಜೆ ಇಲ್ಲ. ಮುಂದಿನದು ಜುಲೈ ಮೂರನೆಯ ಸೋಮವಾರ. ಬದುಕಿನ ದೊಡ್ಡ ತೀರ್ಮಾನ ಮಾಡಲು ಇದಕ್ಕಿಂತ ಕೆಟ್ಟ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ.

ಆದರೆ ಎರಡು ವಾರ ದಾಟಿದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ರೈಲು ಹತ್ತಲು ಎದೆ ಹಿಡಿದಂತಾಗುತ್ತದೆ ಎಂದಾದರೆ ಇದ್ಯಾವುದನ್ನೂ ಓದುತ್ತ ಕೂರಬೇಡಿ. ಮನಸ್ಸಿನ ಒತ್ತಡದಿಂದ ಬರುವ ತೊಂದರೆಗಳನ್ನು ನೋಡುವ, ಶಿನ್ರ್ಯೋ ನಾಯ್ಕ ಎಂಬ ಬೋರ್ಡಿನ ಕ್ಲಿನಿಕ್‌ಗೆ ಫೋನ್ ಮಾಡಿ. ಮೊದಲ ಭೇಟಿಗೆ ವಾರಗಟ್ಟಲೆ ಕಾಯಿಸುವುದುಂಟು, ಅದಕ್ಕೇ ಎರಡು ಮೂರು ಕಡೆ ಕೇಳಿ. ಆರೋಗ್ಯ ವಿಮೆ ಇರುವುದರಿಂದ ನಿಮ್ಮ ಪಾಲು 30%. ಚಿಕಿತ್ಸೆ ಉದ್ದವಾದರೆ ಜಿರಿತ್ಸು ಶಿಯೆನ್ ಎಂಬ ಯೋಜನೆಗೆ ವಾರ್ಡ್ ಆಫೀಸಿನಲ್ಲಿ ಅರ್ಜಿ ಹಾಕಬಹುದು, ಪಾಲು 10%ಕ್ಕೆ ಇಳಿಯುತ್ತದೆ. 50 ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಸ್ಟ್ರೆಸ್ ಚೆಕ್ ಮಾಡಿಸುವುದು ಕಂಪನಿಯ ಕರ್ತವ್ಯ. ಅದರಲ್ಲಿ ಸುಳ್ಳು ಗುರುತು ಹಾಕಬೇಡಿ, ನಿಮ್ಮ ಒಪ್ಪಿಗೆ ಇಲ್ಲದೆ ಫಲಿತಾಂಶ ಕಂಪನಿಯ ಕೈಗೆ ಹೋಗುವಂತಿಲ್ಲ.

ಇನ್ನು ಅಸಲು ಗಂಟು. ರಾತ್ರಿ ಹತ್ತಕ್ಕೆ ಮನೆ ಸೇರುವವರಿಗೆ ಯಾವ ತತ್ವವೂ ಕೈಗೆ ಹತ್ತದು; ಮೊದಲು ಹೊತ್ತು ಬೇಕು. ಕೆಲಸಕ್ಕೆ ಸೇರುವಾಗ ಕೊಟ್ಟ ರೋದೋ ಜೋಕೆನ್ ತ್ಸೂಚಿಶೋ, ಅಂದರೆ ಷರತ್ತಿನ ಪತ್ರ, ತೆಗೆದು ಓದಿ. ಸಂಬಳದೊಳಗೇ ಇಂತಿಷ್ಟು ಗಂಟೆಯ ಓವರ್‌ಟೈಮ್ ಸೇರಿದೆ ಎಂಬ ಸಾಲು ಇದೆಯೇ ನೋಡಿ. 45 ಗಂಟೆ ಸೇರಿದೆ ಎಂದಿದ್ದರೆ 45 ಗಂಟೆ ಕೂರಲೇಬೇಕು ಎಂದಲ್ಲ. 20 ಗಂಟೆ ಮಾಡಿದರೂ ಅಷ್ಟೂ ದುಡ್ಡು ನಿಮ್ಮದೇ, 46ನೆಯ ಗಂಟೆಯಿಂದ ಬೇರೆ ಹಣ ಕೊಡಬೇಕು. ಹೊಸಬರು ತಪ್ಪುವುದು ಇಲ್ಲೇ.

ಕಾನೂನಿನ ಪ್ರಕಾರ ಕೆಲಸ ದಿನಕ್ಕೆ 8, ವಾರಕ್ಕೆ 40 ಗಂಟೆ. ಅದರ ಮೇಲೆ ದುಡಿಸಬೇಕಾದರೆ ಕಂಪನಿ ಮತ್ತು ನೌಕರರ ಪ್ರತಿನಿಧಿಯ ನಡುವೆ ‘ಸಬುರೊಕು’ ಒಪ್ಪಂದ ಇರಬೇಕು. ಆಗಲೂ ಮಿತಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆ. ವಿಶೇಷ ಸಂದರ್ಭವೆಂದು ಬರೆದುಕೊಂಡರೂ ತಿಂಗಳಿಗೆ 100 ಮುಟ್ಟುವಂತಿಲ್ಲ, ವರ್ಷಕ್ಕೆ 720 ದಾಟುವಂತಿಲ್ಲ, 45 ದಾಟುವ ತಿಂಗಳುಗಳು ವರ್ಷದಲ್ಲಿ ಆರಕ್ಕಿಂತ ಹೆಚ್ಚಾಗುವಂತಿಲ್ಲ. ಕಚೇರಿಯ ವ್ಯವಸ್ಥೆ ಏನೇ ದಾಖಲಿಸಲಿ, ಬಂದ ಹೊತ್ತು, ಹೊರಟ ಹೊತ್ತನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಮುಂದೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುವ ಸಂದರ್ಭ ಬಂದರೆ ಬಾಯಿ ಮಾತಿಗಿಂತ ಆ ಪುಸ್ತಕಕ್ಕೆ ತೂಕ.

ಹಕ್ಕು ಗೊತ್ತಿದ್ದರೂ ಎದ್ದು ಹೊರಡುವುದು ಬೇರೆ ವಿದ್ಯೆ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ದುಡಿದವರನ್ನು ಕೇಳಿದರೆ ಕೈಜೆನ್ ಬಗ್ಗೆ ಹೇಳುತ್ತಾರೆ: ಎಲ್ಲವನ್ನೂ ಒಮ್ಮೆಲೇ ಬದಲಿಸಬೇಡ, ಒಂದನ್ನು ಬದಲಿಸಿ ನಿಲ್ಲಿಸು. ಇಲ್ಲಿಯೂ ಹಾಗೇ, ವಾರಕ್ಕೆ ಒಂದೇ ಸಂಜೆ ಹಿಡಿಯಿರಿ. ಎಷ್ಟೋ ಕಂಪನಿಗಳಲ್ಲಿ ಬುಧವಾರ ಓವರ್‌ಟೈಮ್ ಇಲ್ಲದ ದಿನ ಎಂದು ಹೆಸರಿಗಾದರೂ ಇರುತ್ತದೆ. ಇದ್ದರೆ ಅದನ್ನೇ ಹಿಡಿಯಿರಿ. ಬೆಳಿಗ್ಗೆಯೇ ಲೀಡರ್‌ಗೆ ‘ಇವತ್ತು ಆರೂವರೆಗೆ ಹೊರಡುತ್ತೇನೆ’ ಎನ್ನಿ. ಐದೂವರೆಗೆ ಏನು ಮುಗಿಯಿತು, ಏನು ನಾಳೆಗೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೂರು ಸಾಲು ಬರೆದು ಕಳಿಸಿ. ಹೊರಡುವಾಗ ಉಳಿದವರಿಗೆ ಕೇಳುವಂತೆ ‘ಒಸಾಕಿ ನಿ ಶಿತ್ಸುರೇಯ್ ಶಿಮಾಸ್’ (ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ) ಎಂದು ಹೇಳಿ ಹೊರಡಿ. ಇಲ್ಲಿ ಬೇಗ ಹೋದದ್ದಕ್ಕಿಂತ ಹೇಳದೆ ಹೋದದ್ದು, ಆರು ಗಂಟೆಗೆ ಏಕಾಏಕಿ ಹೇಳಿದ್ದು ಜನರನ್ನು ಹೆಚ್ಚು ನೋಯಿಸುತ್ತದೆ. ಪ್ರತಿ ವಾರ ಅದೇ ದಿನ, ಅದೇ ಹೊತ್ತು ಇದ್ದರೆ ಆ ದಿನದ ಮೀಟಿಂಗನ್ನು ಜನ ತಾವಾಗಿಯೇ ಬೇರೆ ದಿನಕ್ಕೆ ಹಾಕಲು ಶುರು ಮಾಡುತ್ತಾರೆ.

ಊಟದ ಮಾತು ಚಿಕ್ಕದು. ‘ಹೊಟ್ಟೆಯ ಹತ್ತರಲ್ಲಿ ಎಂಟು ಪಾಲು ತುಂಬಿದರೆ ಸಾಕು’ ಎಂಬುದು ಇಲ್ಲಿಯ ಹಳೆಯ ಮಾತು; 1713ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಕಾಯ್ಬಾರಾ ಎಕಿಕೆನ್ ತಮ್ಮ ಆರೋಗ್ಯದ ಗ್ರಂಥದಲ್ಲಿ ಮಿತಾಹಾರವನ್ನು ಒತ್ತಿ ಹೇಳಿದ್ದರು. ಮಧ್ಯಾಹ್ನದಿಂದ ಏನೂ ತಿನ್ನದೆ ರಾತ್ರಿ ಹತ್ತೂವರೆಗೆ ಅನ್ನ-ಸಾರು ರಾಶಿ ಹಾಕಿಕೊಂಡು ಕೂತರೆ ಆ ಮಾತು ನಡೆಯದು. ಆರರಿಂದ ಏಳರೊಳಗೆ ಕಚೇರಿಯಲ್ಲೇ ಒಂದು ಒನಿಗಿರಿ (ಅನ್ನದ ಉಂಡೆ) ತಿನ್ನಿ, ಮನೆಗೆ ಬಂದು ಸಾರು, ತೋಫು, ಪಲ್ಯ ಅಷ್ಟೇ. ಸಸ್ಯಾಹಾರಿಗಳಾಗಿದ್ದರೆ ಒಣಮೀನಿನ ಕತ್ಸುಒಬುಶಿ ಬಗ್ಗೆ ಎಚ್ಚರ: ಉಮೆಬೊಶಿ ಎಂಬ ಹುಳಿ ಉಪ್ಪಿನಹಣ್ಣಿನ ಒನಿಗಿರಿಯಲ್ಲೂ, ಹೋಟೆಲಿನ ಮಿಸೊ ಸೂಪಿನಲ್ಲೂ ಅದು ಇರುವುದುಂಟು. ಮನೆಯಲ್ಲಿ ಕೊಂಬು ಎಂಬ ಕಡಲ ಪಾಚಿ ಅಥವಾ ಒಣ ಶಿಟಾಕೆ ಅಣಬೆ ನೆನೆಸಿದ ನೀರಿನಲ್ಲೇ ಒಳ್ಳೆಯ ದಾಶಿ, ಅಂದರೆ ಸೂಪಿನ ತಿಳಿ, ಆಗುತ್ತದೆ.

ಝೆನ್ ಬಗ್ಗೆ ಕೇಳಿದಿರಿ. ಹೋಗಿ, ಆದರೆ ಐದು ದಿನದ ಶಿಬಿರಕ್ಕಲ್ಲ; ವಾರದ ಅಥವಾ ತಿಂಗಳ ಝಾಝೆನ್‌ಕಾಯ್‌ಗೆ, ಅಂದರೆ ಕೂತು ಧ್ಯಾನ ಮಾಡುವ ಕೂಟಕ್ಕೆ. ಟೋಕಿಯೋದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಕಿತಾ-ಕಾಮಾಕುರಾದ ಎಂಗಾಕುಜಿಯಂಥ ದೇವಾಲಯಗಳಲ್ಲಿ ಸಾಮಾನ್ಯರಿಗೂ ಕೂಟ ನಡೆಯುತ್ತದೆ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಮೊದಲೇ ನೋಡಿಕೊಂಡು ಕಾಲು ಗಂಟೆ ಮುಂಚೆ ತಲುಪಿ. ಸಡಿಲ ಪ್ಯಾಂಟು ಹಾಕಿ, ಜೀನ್ಸ್ ಬೇಡ.

ನೆಲದ ಮೇಲೆ ಕೂತು ರೂಢಿಯಿದೆ ಎಂಬ ಧೈರ್ಯ ನಮ್ಮವರಿಗೆ ಇಲ್ಲಿ ಕೈಕೊಡುತ್ತದೆ. ನಾವು ಊಟಕ್ಕೆ ಚಕ್ಕಂಬಕ್ಕಳ ಹಾಕಿದಾಗ ಮಂಡಿ ಗಾಳಿಯಲ್ಲಿರುತ್ತದೆ, ಸೊಂಟ ಬಾಗಿರುತ್ತದೆ; ಹತ್ತು ನಿಮಿಷಕ್ಕೆ ಬೆನ್ನು ನೋವು. ಇಲ್ಲಿ ದುಂಡನೆಯ ಝಾಫು ದಿಂಬಿನ ಮುಂದಿನ ಅರ್ಧದ ಮೇಲಷ್ಟೇ ಕೂರಬೇಕು. ಆಗ ಸೊಂಟ ಮುಂದಕ್ಕೆ ವಾಲಿ ಎರಡೂ ಮಂಡಿ ನೆಲ ಮುಟ್ಟುತ್ತವೆ. ಮುಟ್ಟದಿದ್ದರೆ ದಿಂಬಿನ ಕೆಳಗೆ ಇನ್ನೊಂದು ಇಡಿ. ಅರ್ಧ ಪದ್ಮಾಸನ ಸಾಕು. ಕಣ್ಣು ಮುಚ್ಚಬಾರದು, ನಿದ್ದೆ ಬರುತ್ತದೆ. ಅರೆತೆರೆದು ಒಂದು ಮೀಟರ್ ಮುಂದಿನ ನೆಲಕ್ಕೆ ನೋಟ ಬಿಡಿ. ಸೋತೋ ಪಂಥದವರು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ರಿನ್ಜಾಯ್ ಪಂಥದವರು ಕೋಣೆಯ ಒಳಮುಖವಾಗಿ. ಉಸಿರು ಬಿಡುವಾಗ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ. ಲೆಕ್ಕ ತಪ್ಪುತ್ತದೆ, ತಪ್ಪಿದ್ದು ಗೊತ್ತಾದಾಗ ಒಂದಕ್ಕೆ ಮರಳಿ. ಯೋಚನೆಯನ್ನು ಅದುಮಿ ಹಿಡಿಯಲು ಹೋದವರು ತಲೆನೋವು ತಂದುಕೊಳ್ಳುತ್ತಾರೆ. ಒಂದು ಸರದಿ ಒಂದು ಊದುಬತ್ತಿ ಉರಿಯುವಷ್ಟು, ಸುಮಾರು 40 ನಿಮಿಷ. ಹೊಸಬರಿಗೆ ಕಡಿಮೆ ಇರುವುದೂ ಉಂಟು. ಗಂಟೆ ಹೊಡೆದದ್ದೇ ತಟಕ್ಕನೆ ಏಳಬೇಡಿ. ಕಾಲು ಜೋಮು ಹಿಡಿದಿರುತ್ತದೆ, ಪಾದ ಉಳುಕುವುದು ಆಗಲೇ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕೂತು ಅಭ್ಯಾಸ ಮಾಡಿದವರಿಗೆ ಇದು ನಿಲ್ಲುತ್ತದೆ, ಶಿಬಿರ ಮುಗಿಸಿ ಬಂದು ಬಿಟ್ಟವರಿಗೆ ಇಲ್ಲ.

ಆದರೂ ಒಂದು ಆಯ್ಕೆ ಮಾಡಿ ಎಂದರೆ ನಾವು ಬೆಟ್ಟು ಮಾಡುವುದು ಝೆನ್ ಕಡೆಗಲ್ಲ, ಜನರ ಕಡೆಗೆ. ಒಕಿನಾವಾದಲ್ಲಿ ಮೋಅಯ್ ಎಂಬ ಕೂಟವಿದೆ. ನಮ್ಮ ಚೀಟಿ ವ್ಯವಹಾರದಂತೆಯೇ. ತಿಂಗಳಿಗೊಮ್ಮೆ ಸೇರಿ ಇಷ್ಟಿಷ್ಟು ಹಣ ಹಾಕುತ್ತಾರೆ, ಸರದಿಯಂತೆ ಒಬ್ಬರು ಎತ್ತುತ್ತಾರೆ. ದುಡ್ಡು ನೆಪ; ದಶಕಗಟ್ಟಲೆ ಅದೇ ಮುಖಗಳು ಸೇರುವುದು ಮುಖ್ಯ. ಟೋಕಿಯೋದಲ್ಲಿ ಇದಕ್ಕೆ ಹತ್ತಿರದ್ದು ಕೋಮಿಂಕನ್ ಅಥವಾ ವಾರ್ಡಿನ ಸಮುದಾಯ ಭವನದ ‘ಸಾಕುರು’ ಗುಂಪುಗಳು: ಹಾಡು, ಟೇಬಲ್ ಟೆನಿಸ್, ಕೈಬರಹ, ಅಡುಗೆ. ಭವನದ ಕೌಂಟರಿನಲ್ಲಿ ಗುಂಪುಗಳ ಪಟ್ಟಿ ಕೇಳಿ. ‘ಕೆಂಗಾಕು’ ಎಂದು ಒಮ್ಮೆ ಸುಮ್ಮನೆ ನೋಡಲು ಹೋಗಬಹುದು, ಹಣವಿಲ್ಲ. ಚಂದಾ ಸಾಮಾನ್ಯವಾಗಿ ಕಡಿಮೆ. ಚಹಾ ಸಮಾರಂಭದ ಪಾಠ ಸುಂದರ, ಆದರೆ ಮೇಲಿನ ಹಂತದ ಅನುಮತಿ ಪತ್ರಕ್ಕೆಲ್ಲ ಹಣ ಕೊಡಬೇಕು, ಮೊದಲ ವರ್ಷಕ್ಕೆ ಬೇಡ.

ಗುಂಪಿನಲ್ಲಿ ನೀವು ಯಾರೆಂದು ಗೊತ್ತಾಗುವುದು ಪ್ರತಿಭೆಯಿಂದಲ್ಲ. ಹತ್ತು ನಿಮಿಷ ಮುಂಚೆ ಹೋಗಿ ಕುರ್ಚಿ ಹಾಕುವವರು, ಮುಗಿದ ಮೇಲೆ ನೆಲ ಗುಡಿಸಿ ಹೋಗುವವರು ನಾಲ್ಕು ವಾರದಲ್ಲಿ ಅವರವರಾಗುತ್ತಾರೆ. ಬರಲಾಗದ ವಾರ ಮುಂಚೆಯೇ ತಿಳಿಸಿ. ಭಾಷೆ ಇನ್ನೂ ಬಾರದಿದ್ದರೆ ಬೆಳಿಗ್ಗೆ 6:30ಕ್ಕೆ ಹತ್ತಿರದ ಉದ್ಯಾನಕ್ಕೆ ಹೋಗಿ ನೋಡಿ. ಎಷ್ಟೋ ಕಡೆ ರಾಜಿಯೋ ತೈಸೋ ನಡೆಯುತ್ತದೆ. 1928ರಲ್ಲಿ ಶುರುವಾದ ರೇಡಿಯೋ ವ್ಯಾಯಾಮ; ಈಗಿನ ಮೊದಲ ಸುತ್ತು 1951ರದ್ದು, ಹದಿಮೂರು ಚಲನೆ, ಮೂರು ನಿಮಿಷ ಚಿಲ್ಲರೆ. ಹೆಸರು ನೋಂದಾಯಿಸುವುದಿಲ್ಲ, ಹಣವಿಲ್ಲ. ಹಿಂದಿನ ಸಾಲಿನಲ್ಲಿ ನಿಂತು ಮುಂದಿನವರನ್ನು ನೋಡಿ ಮಾಡಿ. ಮೂರನೆಯ ವಾರಕ್ಕೆ ಯಾರಾದರೂ ಹಿರಿಯರು ಯಾವ ಊರು ಎಂದು ಕೇಳದೆ ಇರುವುದು ಅಪರೂಪ. ನಿಶಿ-ಕಸಾಯ್ ಕಡೆ ಮನೆ ಮಾಡಿದ್ದರೆ ಸುತ್ತ ಭಾರತೀಯರೇ ಸಿಗುತ್ತಾರೆ, ಅದು ಬೇಕು ಕೂಡ. ಆದರೆ ಬಂದು ಎಷ್ಟು ವರ್ಷವಾದರೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಬದುಕೂ ಅಲ್ಲೇ ಶುರುವಾಗುತ್ತದೆ.

ಕೆಲಸ ಬಿಡುವ ಮಾತನ್ನು ಅಕ್ಟೋಬರಿಗೆ ಮುಂದೂಡಿ. ಸೇರಿ ಆರು ತಿಂಗಳಾಗಿ, ಕೆಲಸದ ದಿನಗಳಲ್ಲಿ 80% ಹಾಜರಾಗಿದ್ದರೆ 10 ದಿನ ಸಂಬಳ ಸಹಿತ ರಜೆ ಕೈಗೆ ಬರುತ್ತದೆ, ಅದರಲ್ಲಿ 5 ದಿನ ಕೊಡಿಸುವುದು ಕಂಪನಿಯ ಹೊಣೆ. ಸಂದರ್ಶನಗಳಿಗೆ ಆ ರಜೆ ಬೇಕಾಗುತ್ತದೆ. ಇನ್ನೊಂದು ಕೆಲಸದ ಪತ್ರ ಕೈಗೆ ಬರುವ ಮುಂಚೆ ರಾಜೀನಾಮೆ ಬೇಡ. ಬಿಟ್ಟ ಮೇಲೆ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು, ಹೊಸ ಕಡೆ ಸೇರಿದಾಗಲೂ ಹಾಗೇ. ಸಕಾರಣವಿಲ್ಲದೆ ಮೂರು ತಿಂಗಳು ಕೆಲಸವಿಲ್ಲದೆ ಇದ್ದರೆ ವೀಸಾ ರದ್ದಾಗುವ ಸಾಧ್ಯತೆಯಿದೆ. ಸ್ವಂತ ಇಚ್ಛೆಯಿಂದ ಬಿಟ್ಟವರಿಗೆ ನಿರುದ್ಯೋಗ ಭತ್ಯೆ ಸಿಗಬೇಕಾದರೆ ಸಾಮಾನ್ಯವಾಗಿ ಹಿಂದಿನ ಎರಡು ವರ್ಷಗಳಲ್ಲಿ 12 ತಿಂಗಳ ಉದ್ಯೋಗ ವಿಮೆ ಇರಬೇಕು. ಮುಂದಿನ ಏಪ್ರಿಲ್‌ಗೆ ಮೊದಲು ಹೊರಬಿದ್ದರೆ ಆ ಹಣ ನಿಮಗಿಲ್ಲ.