ಕಾಲಿಟ್ಟು ನೋಡದ ಸ್ಟೋರ್‌ಗೆ ಬಡ್ತಿ

ನಾನು ಆಪ್ತಸಮಾಲೋಚಕಿ. ಸಲಹೆಗೆಂದು ನನ್ನ ಹತ್ತಿರ ಬಂದ ಒಬ್ಬರ ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕಾರಣ ಇದೆ. ಮಳಿಗೆಗಳಲ್ಲಿ ಕೆಲಸ ಮಾಡುವವರು ಇದೇ ಪ್ರಶ್ನೆ ಹಿಡಿದು ಮತ್ತೆ ಮತ್ತೆ ನನ್ನ ಹತ್ತಿರ ಬರುತ್ತಾರೆ. "ಬಡ್ತಿ ಕೊಡ್ತಾರಂತೆ, ಆದ್ರೆ ಬೇರೆ ಬ್ರಾಂಚ್‌ಗೆ ಹೋಗ್ಬೇಕಂತೆ. ಹೋಗ್ಲಾ, ಬೇಡ್ವಾ?"

ಅವರಿಗೆ 31 ವರ್ಷ. ಬಟ್ಟೆ ಮಾರುವ ದೊಡ್ಡ ಸ್ಟೋರ್ ಒಂದರಲ್ಲಿ ಬಿಲ್ಲಿಂಗ್ ಕೌಂಟರ್‌ಗೆ ಸೇರಿ, ಆರು ವರ್ಷದಲ್ಲಿ ಫ್ಲೋರ್ ಸೂಪರ್‌ವೈಸರ್ ಆಗಿದ್ದರು. ಮನೆಯಿಂದ ಸ್ಟೋರ್‌ಗೆ 15 ನಿಮಿಷ. ಈಗ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆ ಕೊಡುತ್ತೇವೆ ಅಂದಿದ್ದರು, ಆದರೆ ಊರಿನ ಇನ್ನೊಂದು ತುದಿಯ ಬ್ರಾಂಚ್‌ನಲ್ಲಿ. ಏರಿಯಾ ಮ್ಯಾನೇಜರ್ ಫೋನ್ ಮಾಡಿ, ಶುಕ್ರವಾರದೊಳಗೆ ಹೇಳಿ ಅಂದಿದ್ದರು. ಅವರು ನನ್ನ ಹತ್ತಿರ ಬಂದದ್ದು ಸೋಮವಾರ. ಅಷ್ಟರಲ್ಲಿ ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮೊದಲ ದಿನ ಅವರ ಭಯ ಕೇಳಿಸಿಕೊಂಡೆ, ಅಷ್ಟೇ. ಬೇಡ ಅಂದರೆ ಇನ್ನೊಂದು ಸಲ ಯಾರೂ ಕೇಳುವುದಿಲ್ಲ ಅನ್ನುವ ಭಯ. ಹೋಗಿ ಸೋತರೆ ಹಳೇ ಜಾಗವೂ ಇರುವುದಿಲ್ಲ ಅನ್ನುವ ಭಯ. ಮನೆಯಲ್ಲಿ ಲಾಭ-ನಷ್ಟ ಬರೆದುಕೊಂಡು ಬನ್ನಿ ಎಂದು ಕಳಿಸಿದೆ.

ಬುಧವಾರ ಬಂದರು. ಹಾಳೆ ನೀಟಾಗಿತ್ತು, ಎರಡು ಕಾಲಂ. ಲಾಭದ ಕಡೆ ಒಂಬತ್ತು ಸಾಲು: ಸಂಬಳ, ಹುದ್ದೆ, ಕಲಿಕೆ, ಮುಂದೆ ಸ್ಟೋರ್ ಮ್ಯಾನೇಜರ್ ಆಗುವ ದಾರಿ, ಹೀಗೆ. ನಷ್ಟದ ಕಡೆ ಒಂದೇ ಪದ, 'ದೂರ'.

"ಎಷ್ಟು ದೂರ?" ಅಂತ ಕೇಳಿದೆ.

"ಮ್ಯಾಪ್‌ನಲ್ಲಿ 45 ನಿಮಿಷ ತೋರಿಸ್ತು ಮೇಡಂ."

"ಯಾವಾಗ ನೋಡಿದ್ರಿ?"

"ರಾತ್ರಿ, ಮಲಗೋಕೆ ಮುಂಚೆ."

"ಬೆಳಿಗ್ಗೆ ಎಂಟಕ್ಕೆ ಎಷ್ಟಾಗತ್ತೆ?"

ಸುಮ್ಮನಾದರು. ಆಮೇಲೆ ನಾನು ಆ ಸ್ಟೋರ್ ಹೇಗಿದೆ ಅಂತ ಕೇಳಿದೆ. ದೊಡ್ಡದಾ, ಚಿಕ್ಕದಾ? ಜನ ಎಷ್ಟು ಬರುತ್ತಾರೆ? ಸ್ಟಾಫ್ ಎಷ್ಟಿದ್ದಾರೆ? ಯಾವುದಕ್ಕೂ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತು, ತುಂಬಾ ಮೆಲ್ಲಗೆ ಹೇಳಿದರು: "ನಾನು ಆ ಸ್ಟೋರ್‌ಗೆ ಒಂದು ಸಲಾನೂ ಹೋಗಿಲ್ಲ ಮೇಡಂ."

ಹೇಳಿ ಮುಗಿಸಿದವರೇ ಅಳಲು ಶುರು ಮಾಡಿದರು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಕಾಲಿಟ್ಟೂ ನೋಡದ ಜಾಗಕ್ಕಾಗಿ ಇಷ್ಟು ದಿನ ನಿದ್ದೆಗೆಟ್ಟಿದ್ದು ಅವರಿಗೇ ಆಗ ಗೊತ್ತಾಗಿತ್ತು. "ಹೋಗಿ ನೋಡ್ಬೇಕು ಅಂತ ಯಾಕೆ ಅನ್ನಿಸ್ಲಿಲ್ಲ ನನಗೆ?" ಅಂತ ಕೇಳಿದರು.

ಉತ್ತರ ಅವರ ಹಾಳೆಯಲ್ಲೇ ಇತ್ತು. ಅವರು ಯೋಚಿಸಿದ್ದೆಲ್ಲ ಹುದ್ದೆಯ ಬಗ್ಗೆ. ಹುದ್ದೆ ಒಂದು ಪದ, ಎಲ್ಲ ಬ್ರಾಂಚ್‌ನಲ್ಲೂ ಅದೇ. ದಿನಾ ಮಾಡುವ ಕೆಲಸ ಮಾತ್ರ ಹಾಗಲ್ಲ. ಅದು ಆ ಕಟ್ಟಡದಲ್ಲಿ, ಅಲ್ಲಿನ ಜನರ ಜೊತೆ, ಅಲ್ಲಿನ ಗೋಡೌನ್ ಮತ್ತು ರೋಸ್ಟರ್ (ಯಾರಿಗೆ ಯಾವ ದಿನ ಯಾವ ಶಿಫ್ಟ್ ಅನ್ನುವ ಪಟ್ಟಿ) ಇಟ್ಟುಕೊಂಡು ಮಾಡಬೇಕಾದದ್ದು. ಬೇಕಾದಷ್ಟು ಸ್ಟಾಫ್ ಇರುವ ಸ್ಟೋರ್‌ನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಅಂದರೆ ತಂಡ ನೋಡಿಕೊಳ್ಳುವವರು. ಇಬ್ಬರು ಬಿಟ್ಟು ಹೋಗಿರುವ ಸ್ಟೋರ್‌ನಲ್ಲಿ ಅದೇ ಹೆಸರಿನವರು ಬಿಲ್ ಹಾಕುತ್ತಾ, ಕಾರ್ಟನ್ ಒಡೆಯುತ್ತಾ, ಗಿರಾಕಿಗಳ ದೂರು ಕೇಳುತ್ತಾ ರಾತ್ರಿ ಶಟರ್ ಎಳೆಯುವವರು.

ಆ ದಿನ ನಾನು ನೇರವಾಗಿ ಸಲಹೆ ಕೊಟ್ಟೆ. ನಮ್ಮ ವೃತ್ತಿಯಲ್ಲಿ ಇದನ್ನು ಒಪ್ಪದವರು ಇದ್ದಾರೆ. ದಾರಿ ತೋರಿಸಬೇಡಿ, ಅವರ ದಾರಿಯನ್ನು ಅವರೇ ಕಂಡುಕೊಳ್ಳಲು ಬಿಡಿ ಎಂದು 1940ರ ದಶಕದಲ್ಲೇ ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ವಾದಿಸಿದ್ದರು. ನಾನು ಕಲಿತದ್ದೂ ಅದನ್ನೇ, ಈಗಲೂ ಬಹಳ ಮಟ್ಟಿಗೆ ನಂಬುವುದೂ ಅದನ್ನೇ. ಆದರೆ ಕೆಲವು ವರ್ಷಗಳ ಹಿಂದೆ ಇಂಥದ್ದೇ ಪ್ರಶ್ನೆ ಹಿಡಿದು ಒಬ್ಬ ಹುಡುಗ ಬಂದಿದ್ದ. ಅವನ ಮನಸ್ಸಿನ ಗೊಂದಲವನ್ನೆಲ್ಲ ತಾಳ್ಮೆಯಿಂದ ಕೇಳಿದೆ, ಸ್ಟೋರ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ಬಡ್ತಿ ಒಪ್ಪಿಕೊಂಡು ಹೋದ, ಐದೇ ತಿಂಗಳಲ್ಲಿ ಕೆಲಸ ಬಿಟ್ಟ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತಂತೆ, ಆ ಹುದ್ದೆಗೆ ಬಂದವರು ಯಾರೂ ನಿಂತಿರಲಿಲ್ಲ ಅಂತ. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಯಾವ ಕಡೆ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಕಣ್ಣು ಬಿಟ್ಟು ನೋಡಿ ಅಂತ ಹೇಳುವುದು ಮಾತ್ರ ನನ್ನ ಕೆಲಸ ಅಂತ ಅವತ್ತಿನಿಂದ ಅಂದುಕೊಂಡಿದ್ದೇನೆ.

ಹಾಗಾಗಿ ಅವರಿಗೆ ಮೊದಲು ಹೇಳಿದ್ದು, ಇನ್ನೊಂದು ವಾರ ಸಮಯ ಕೇಳಿ ಅಂತ. "ಕೇಳಿದ್ರೆ ಇಷ್ಟ ಇಲ್ಲ ಅಂದ್ಕೊಳ್ತಾರೆ" ಅಂದರು. "ಸ್ಟೋರ್ ನೋಡಿ ಬಂದು ಹೇಳ್ತೀನಿ ಅಂತ ಕೇಳಿ" ಅಂದೆ. ಒಬ್ಬ ಒಳ್ಳೆಯ ಮ್ಯಾನೇಜರ್ ಮಾಡಬೇಕಾದದ್ದೇ ಅದು. ಸಮಯ ಸಿಕ್ಕಿತು, ಕಷ್ಟವೇ ಆಗಲಿಲ್ಲ.

ಎರಡನೆಯದು, ಆ ಸ್ಟೋರ್‌ಗೆ ಎರಡು ಸಲ ಹೋಗಿ ಬನ್ನಿ. ಒಂದು ಸಲ ವಾರದ ನಡುವಿನ ದಿನ, ಓಪನಿಂಗ್ ಹೊತ್ತಿಗೆ. ಇನ್ನೊಂದು ಸಲ ವಾರದ ಕೊನೆಯಲ್ಲಿ, ಸಂಜೆ ರಶ್ ಇದ್ದಾಗ ಹೋಗಿ ಶಟರ್ ಎಳೆಯುವವರೆಗೂ ಅಲ್ಲೇ ಇದ್ದು, ಆ ಹೊತ್ತಿನ ಬಸ್ಸಿನಲ್ಲೇ ಮನೆಗೆ ವಾಪಸ್ ಬನ್ನಿ. ಮಳಿಗೆ ಕೆಲಸದಲ್ಲಿ ದೂರವನ್ನು ನಕ್ಷೆ ನೋಡಿ ಅಳೆಯಲು ಆಗುವುದಿಲ್ಲ. ರಾತ್ರಿ ಕ್ಲೋಸಿಂಗ್ ಮುಗಿಸಿದವರಿಗೇ ಮರುದಿನ ಓಪನಿಂಗ್ ಬಂದರೆ ನಡುವೆ ಮಲಗಲು ಎಷ್ಟು ಗಂಟೆ ಉಳಿಯುತ್ತದೆ ಅನ್ನುವುದೇ ನಿಜವಾದ ದೂರ.

ಅವರು ಹೋಗಿ ಬಂದರು. ಬೆಳಗಿನ ಹೊತ್ತು 70 ನಿಮಿಷ. ಈಗಿನದಕ್ಕಿಂತ ದಿನಕ್ಕೆ 110 ನಿಮಿಷ ಜಾಸ್ತಿ, ವಾರಕ್ಕೆ ಆರು ದಿನ ಅಂದರೆ 11 ಗಂಟೆ. ಒಂದು ಪೂರ್ತಿ ಶಿಫ್ಟ್‌ಗಿಂತ ಹೆಚ್ಚು! ಸಂಬಳದ ಏರಿಕೆಯನ್ನು ಈ ಗಂಟೆಗಳ ಜೊತೆ ಇಟ್ಟು ನೋಡಿ ಅಂದೆ. "ಅಭ್ಯಾಸ ಆಗುತ್ತೆ" ಅಂದರು. ಎಲ್ಲರೂ ಹೀಗೇ ಹೇಳುತ್ತಾರೆ. ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೈ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಮನೆಗಳ ಸಮೀಕ್ಷೆ ಇಟ್ಟುಕೊಂಡು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ದೂರ ಹೋಗುವವರಿಗೆ ಒಳ್ಳೆಯ ಸಂಬಳವೋ ಒಳ್ಳೆಯ ಮನೆಯೋ ಸಿಕ್ಕಿ ಆ ನಷ್ಟ ತುಂಬಿಹೋಗಬೇಕಿತ್ತು. ಹಾಗೆ ಆಗಿರಲಿಲ್ಲ. ಪ್ರಯಾಣ ಉದ್ದವಾದಷ್ಟೂ ಬದುಕಿನ ಬಗೆಗಿನ ತೃಪ್ತಿ ಕಡಿಮೆಯೇ ಇತ್ತು. ಇದನ್ನು ಅವರಿಗೆ ಹೇಳಿದೆ. ಹೆದರಿಸಲು ಅಲ್ಲ, ಅಭ್ಯಾಸದ ಮೇಲೆ ಭಾರ ಹಾಕಿ ಸಹಿ ಮಾಡಬಾರದು ಅಂತ.

ಕೇಳಿ ತಿಳಿದುಕೊಳ್ಳಬೇಕಾದ ವಿಷಯಗಳೂ ಇದ್ದವು. ಈ ಹುದ್ದೆ ಯಾಕೆ ಖಾಲಿ ಇದೆ, ಮೊದಲು ಇದ್ದವರು ಎಲ್ಲಿಗೆ ಹೋದರು? ಸ್ಟೋರ್ ಟಾರ್ಗೆಟ್ ಮುಟ್ಟುತ್ತಿದೆಯಾ? ಇದನ್ನು ಬಹಳ ಜನ ಮರೆಯುತ್ತಾರೆ. ಇನ್ಸೆಂಟಿವ್ ಸ್ಟೋರ್ ಮಾರಾಟಕ್ಕೆ ತಳಕು ಹಾಕಿಕೊಂಡಿದ್ದರೆ, ಚೆನ್ನಾಗಿ ನಡೆಯುವ ಸ್ಟೋರ್ ಬಿಟ್ಟು ಸೊರಗಿದ ಸ್ಟೋರ್‌ಗೆ ಹೋದವರ ಕೈಗೆ ಬರುವ ದುಡ್ಡು ಸಂಬಳ ಏರಿದರೂ ಕಡಿಮೆಯಾಗಬಹುದು. ಲೆಕ್ಕದಲ್ಲಿದ್ದು ಕಪಾಟಿನಲ್ಲಿ ಇಲ್ಲದ ಸರಕು ಎಷ್ಟು ಅಂತಲೂ ಕೇಳಬೇಕು. ಇಲ್ಲದಿದ್ದರೆ ಹಿಂದಿನವರ ಕಾಲದ ಕೊರತೆಗೆ ಹೊಸಬರು ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಕಡೆಯನ್ನೂ ಹೇಳಬೇಕು. ಬಡ್ತಿ ಕೊಟ್ಟು ಜಾಗ ಬದಲಿಸುವುದು ಅನ್ಯಾಯ ಅಂತ ನಾನು ಮೊದಲು ಭಾವಿಸಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನಿನ್ನೆವರೆಗೂ ಜೊತೆಗೆ ಊಟ ಮಾಡಿದವರ ರಜೆಗೆ ಇವತ್ತು ಇಲ್ಲ ಅನ್ನುವುದು ಬಹಳ ಕಷ್ಟ. ಹೊಸ ಜಾಗದಲ್ಲಿ ಆ ಸಂಕಟ ಇರುವುದಿಲ್ಲ. ಆದರೆ ಆರು ವರ್ಷ ಗಳಿಸಿದ ನಂಬಿಕೆಯೂ ಅಲ್ಲಿ ಇರುವುದಿಲ್ಲ.

ಅವರ ಹಾಳೆಗೆ ಇನ್ನೂ ಮೂರು ಸಾಲು ಸೇರಿಸಿದೆವು. ನಿರ್ಧಾರ ಮಾಡುವ ಮುಂಚೆ ಬರೆದುಕೊಳ್ಳಲು ಇರ್ವಿಂಗ್ ಜಾನಿಸ್ ಮತ್ತು ಲಿಯೋನ್ ಮ್ಯಾನ್ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ ವಿವರಿಸಿದ ಪಟ್ಟಿಯಲ್ಲಿ ನನ್ನ ಲಾಭ-ನಷ್ಟ ಒಂದು ಭಾಗ ಮಾತ್ರ. ನನ್ನವರಿಗೆ ಆಗುವ ಲಾಭ-ನಷ್ಟ, ನನ್ನ ಬಗ್ಗೆ ನನಗೇ ಏನನ್ನಿಸುತ್ತದೆ, ನನ್ನವರಿಗೆ ಏನನ್ನಿಸುತ್ತದೆ, ಇವೂ ಅದರಲ್ಲಿ ಇವೆ. 'ನನಗೇ ಏನನ್ನಿಸುತ್ತದೆ' ಅನ್ನುವ ಕಡೆ ಅವರು ಬರೆದದ್ದು ಓದಿ ನನಗೆ ಖುಷಿಯಾಯಿತು. ಆ ಸ್ಟೋರ್‌ನ ಟ್ರಯಲ್ ರೂಮ್ ಹತ್ತಿರ ಗಿರಾಕಿಗಳು ಬೇಡ ಅಂತ ಬಿಟ್ಟ ಬಟ್ಟೆ ರಾಶಿ ಬಿದ್ದಿತ್ತಂತೆ. ಮಾತಾಡುತ್ತಾ ಮಾತಾಡುತ್ತಾ ತಮಗೇ ಗೊತ್ತಿಲ್ಲದೆ ಅರ್ಧ ರಾಶಿ ಮಡಚಿಟ್ಟಿದ್ದರಂತೆ. "ಅಲ್ಲಿ ನನಗೆ ಕೆಲ್ಸ ಇದೆ ಅನ್ನಿಸ್ತು" ಅಂತ ಬರೆದಿದ್ದರು.

ಅವರು ಹೋಗಲು ಒಪ್ಪಿದರು. ಒಪ್ಪುವ ಮುಂಚೆ ಎರಡು ವಿಷಯ ಕಾಗದದ ಮೇಲೆ ಕೇಳಿದರು. ಹೊಸ ಹುದ್ದೆ ಮತ್ತು ಸಂಬಳ ವರ್ಗಾವಣೆಯ ದಿನದಿಂದಲೇ ಜಾರಿಗೆ ಬರಬೇಕು ಅನ್ನುವುದು ಒಂದು. ಆರು ತಿಂಗಳಲ್ಲಿ ಸರಿಹೋಗದಿದ್ದರೆ ಹಳೇ ಸ್ಟೋರ್‌ಗೆ ವಾಪಸ್ ಬರುವ ಅವಕಾಶ ಇನ್ನೊಂದು. ಮೊದಲನೆಯದು ಪತ್ರದಲ್ಲಿ ಬಂತು. ಎರಡನೆಯದಕ್ಕೆ "ನೋಡೋಣ" ಅಂದರು. ಬಾಯಿಮಾತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ವಾಪಸ್ ದಾರಿ ಇಲ್ಲ ಅಂದುಕೊಂಡೇ ನಿರ್ಧಾರ ಮಾಡಿ ಅಂತ ಹೇಳಿದೆ. ಆ ಹುದ್ದೆ ಖಾಯಂ ಆಗುವವರೆಗೂ ಮನೆ ಬದಲಿಸಬೇಡಿ ಅಂತಲೂ ಹೇಳಿದೆ.

ನಾಲ್ಕು ತಿಂಗಳ ಮೇಲೆ ಒಂದು ಸಲ ಬಂದರು. ಸೊರಗಿದ್ದರು. ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸಲ ಸ್ಟಾಪ್ ದಾಟಿ ಹೋಗಿದ್ದಾರೆ. ಪ್ರಯಾಣಕ್ಕೆ ಇನ್ನೂ ಅಭ್ಯಾಸ ಆಗಿಲ್ಲ ಅಂದರು. ತಪ್ಪು ಮಾಡಿದೆ ಅನ್ನಿಸುತ್ತಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಬ್ಯಾಗಿನಿಂದ ಮುಂದಿನ ವಾರದ ರೋಸ್ಟರ್ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ಅವರೇ ಹಾಕಿದ ರೋಸ್ಟರ್. ಕ್ಲೋಸಿಂಗ್ ಮಾಡಿದ ಯಾರ ಹೆಸರೂ ಮರುದಿನದ ಓಪನಿಂಗ್‌ನಲ್ಲಿ ಇರಲಿಲ್ಲ.

"ನಂದು ಮಾತ್ರ ಅಲ್ಲ ಮೇಡಂ," ಅಂದರು. "ನೋಡಿ, ಯಾರದ್ದೂ ಇಲ್ಲ."