ಮಳೆಗಾಲದ ಮೂಗಿನ ರಕ್ತ, ಮೂತ್ರಕ್ಕೆ ತಿಣುಕುವ ಬೆಕ್ಕು: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಮಳೆ ಹಿಡಿದ ಮೇಲೆ ನಮ್ಮ ನಾಯಿ ಪದೇ ಪದೇ ಸೀನುತ್ತಿದೆ. ಈಚೆಗೆ ಮೂಗಿನಿಂದ ರಕ್ತವೂ ತೊಟ್ಟಿಕ್ಕುತ್ತಿದೆ. ಉಂಬಳ ಹೊಕ್ಕಿರಬೇಕು, ಹೊಗೆಸೊಪ್ಪಿನ ನೀರು ಬಿಡಿ ಎನ್ನುತ್ತಾರೆ. ಮೈಮೇಲೆ ಉಣುಗುಗಳೂ ಇವೆ. ಇದರಿಂದ ಮನೆಯವರಿಗೆ ಮಂಗನ ಕಾಯಿಲೆ ಬರಬಹುದೆ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಹೊಗೆಸೊಪ್ಪಿನ ನೀರನ್ನು ದಯವಿಟ್ಟು ಬಿಡಬೇಡಿ. ಅದರಲ್ಲಿರುವ ನಿಕೋಟಿನ್ ನಾಯಿಗೆ ವಿಷ. ಮೂಗಿನ ಒಳಪದರದಿಂದ ಅದು ಬೇಗನೆ ರಕ್ತಕ್ಕೆ ಸೇರುತ್ತದೆ.

ಸೊಪ್ಪಿನಬೆಟ್ಟದಲ್ಲಿ ಕಾಲಿಗೆ ಹತ್ತುವ ಉಂಬಳ ರಕ್ತ ಹೀರಿ ತಾನೇ ಉದುರಿಹೋಗುತ್ತದೆ. ಮೂಗಿನೊಳಗೆ ನೆಲೆಯೂರುವುದು ಹಳ್ಳ, ಹೊಂಡಗಳ ನೀರಿನಲ್ಲಿರುವ ಜಿಗಣೆ. ನಾಯಿ ನೀರು ಕುಡಿಯುವಾಗ ಅದು ಸಣ್ಣ ಎಳೆಯಷ್ಟಿದ್ದು ಒಳಸೇರುತ್ತದೆ ಮತ್ತು ವಾರಗಟ್ಟಲೆ ಅಲ್ಲೇ ಬೆಳೆಯುತ್ತದೆ. ಒಂದೇ ಹೊಳ್ಳೆಯಿಂದ ರಕ್ತ ಬರುತ್ತಿದ್ದು, ನಾಯಿ ಸೀನುತ್ತ ಮುಂಗಾಲಿನಿಂದ ಮೂಗು ಉಜ್ಜಿಕೊಳ್ಳುತ್ತಿದ್ದರೂ ಎಂದಿನಂತೆ ಉಂಡು ಓಡಾಡಿಕೊಂಡಿದ್ದರೆ ಜಿಗಣೆಯ ಸಾಧ್ಯತೆ ಹೆಚ್ಚು. ಅಂಥ ನಾಯಿಗೆ ಕೆಲವು ಗಂಟೆ ನೀರು ಕೊಡದೆ, ಅನಂತರ ಅಗಲ ಪಾತ್ರೆಯಲ್ಲಿ ತಿಳಿನೀರನ್ನು ಮೂಗಿನ ಹತ್ತಿರ ಹಿಡಿದರೆ, ನೀರಿನ ಆಸೆಗೆ ಜಿಗಣೆ ಹೊಳ್ಳೆಯಿಂದ ಹೊರಗೆ ಇಣುಕುತ್ತದೆ. ಬರಿಗೈಗೆ ಅದು ಜಾರುತ್ತದೆ. ಒರಟು ಬಟ್ಟೆಯಿಂದ ಹಿಡಿದು ನಿಧಾನವಾಗಿ ಎಳೆಯಬೇಕು. ಒಂದೆರಡು ಸಲಕ್ಕೆ ಸಿಗದಿದ್ದರೆ ನಾಯಿಯನ್ನು ಇನ್ನಷ್ಟು ಹೊತ್ತು ನೀರಡಿಸಿ ಬಳಲಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಮಂಪರು ಕೊಟ್ಟು ಚಿಮುಟದಿಂದ ತೆಗೆಯುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಉಣುಗಿನ ವಿಷಯ. ನಾಯಿಯ ಕಂದು ಉಣುಗು ಹರಡುವ ಎರ್ಲಿಕಿಯೋಸಿಸ್ ಎಂಬ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳು ಕುಸಿಯುವುದರಿಂದ, ಮೂಗಿನಲ್ಲಿ ಏನೂ ಇಲ್ಲದೆಯೇ ರಕ್ತ ಸುರಿಯುತ್ತದೆ. ಆದ್ದರಿಂದ ಈ ಹೊತ್ತೇ ನಾಯಿಯ ತುಟಿ ಎತ್ತಿ ಒಸಡು ನೋಡಿ. ಒಸಡು ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆಗಳಿದ್ದರೆ, ಜ್ವರವಿದ್ದು ಅನ್ನ ಬಿಟ್ಟಿದ್ದರೆ ಅಂದೇ ರಕ್ತಪರೀಕ್ಷೆ ಆಗಬೇಕು. ಇದಕ್ಕೆ ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಬರೆಯುತ್ತಾರೆ. ನಾಲ್ಕಾರು ದಿನಕ್ಕೇ ನಾಯಿ ಚುರುಕಾಯಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಒಳಗೊಳಗೇ ಉಳಿದು ಮರುಕಳಿಸಬಹುದು. ಅಟ್ಟದಲ್ಲೋ ತೋಟದಲ್ಲೋ ಇಲಿಪಾಷಾಣ ಇಟ್ಟಿದ್ದರೆ ಅದನ್ನೂ ವೈದ್ಯರಿಗೆ ಮರೆಯದೆ ಹೇಳಿ, ಏಕೆಂದರೆ ಅನೇಕ ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ ಮತ್ತು ಅದರ ಚಿಕಿತ್ಸೆಯೇ ಬೇರೆ.

ಮಂಗನ ಕಾಯಿಲೆಯ ವೈರಸ್ಸು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನಲ್ಲೂ ರೋಗ ಕಾಣಿಸಿಕೊಂಡಿದೆ. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೊಂದು ಜಾತಿಯ ಉಣುಗಿನ ಮರಿಗಳು. ನಾಯಿಯನ್ನು ಮುಟ್ಟಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಆದರೆ ಬೆಟ್ಟ ತಿರುಗಿ ಬಂದ ನಾಯಿ ತನ್ನ ಕೂದಲಿನಲ್ಲಿ ಕಾಡಿನ ಉಣುಗನ್ನು ಅಂಗಳಕ್ಕೆ ತರಬಹುದು. ರೋಗ ಹೆಚ್ಚಾಗಿ ಕಾಣಿಸುವ ಡಿಸೆಂಬರಿನಿಂದ ಮೇ ತಿಂಗಳವರೆಗೆ ನಾಯಿಯನ್ನು ಕಾಡಿಗೆ ಬಿಡದಿರುವುದೂ, ಹಾಸಿಗೆಗೆ ಹತ್ತಿಸದಿರುವುದೂ ಒಳ್ಳೆಯದು. ಉಣುಗನ್ನು ಬೆರಳಿನಿಂದ ಹಿಸುಕದೆ, ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಕಂದು ಉಣುಗು ಚಿರೆಕಲ್ಲಿನ ಗೋಡೆಯ ಸಂದಿನಲ್ಲಿ ಮೊಟ್ಟೆಯಿಡುವುದರಿಂದ, ನಾಯಿಗೆ ಔಷಧ ಹಾಕಿ ಅದು ಮಲಗುವ ಜಾಗವನ್ನು ಹಾಗೇ ಬಿಟ್ಟರೆ ಉಣುಗು ಮತ್ತೆ ಹತ್ತುತ್ತದೆ.

ಪ್ರಶ್ನೆ: ಬೆಕ್ಕಿಗೆ ಜ್ವರ ಬಂದಂತಿದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಕಾಲುಭಾಗ ಕೊಡಬಹುದೆ?
– ಓದುಗರು, ಹೊನ್ನಾವರ

ಉತ್ತರ: ಚೂರೂ ಕೊಡಬಾರದು. ಆ ಔಷಧವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತವು ಆಮ್ಲಜನಕ ಹೊರುವ ಗುಣವನ್ನು ಕಳೆದುಕೊಳ್ಳುತ್ತದೆ, ಒಸಡು ಕಂದಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಬೆಕ್ಕು ಸಾಯುತ್ತದೆ. ಈಗಾಗಲೇ ಕೊಟ್ಟಿದ್ದರೆ ಲಕ್ಷಣಗಳಿಗೆ ಕಾಯದೆ ಹೊರಡಿ. ಮೊದಲ ಕೆಲವು ಗಂಟೆಗಳಲ್ಲಿ ಪ್ರತ್ಯೌಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಪರ್ಮೆಥ್ರಿನ್ ಇರುವ, ನಾಯಿಗೆಂದು ತಂದ ಉಣುಗಿನ ಔಷಧವನ್ನೂ ಬೆಕ್ಕಿಗೆ ಹಚ್ಚಬೇಡಿ.

ಪ್ರಶ್ನೆ: ಮೂರು ವರ್ಷದ ಗಂಡು ಬೆಕ್ಕು ನಿನ್ನೆಯಿಂದ ಮತ್ತೆ ಮತ್ತೆ ಕುಳಿತು ತಿಣುಕುತ್ತದೆ, ಕೂಗುತ್ತದೆ. ಮಲಬದ್ಧತೆಯೆಂದು ಹರಳೆಣ್ಣೆ ಕೊಟ್ಟೆವು. ಅದರ ಆಹಾರ ಒಣಮೀನು ಮತ್ತು ಅನ್ನ.
– ಓದುಗರು, ಕಾರವಾರ

ಉತ್ತರ: ನೀವು ಬರೆದದ್ದು ಮಲಬದ್ಧತೆಯ ಲಕ್ಷಣದಂತೆ ತೋರುವುದಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳು ಅಥವಾ ಲೋಳೆ ಸಿಕ್ಕಿಕೊಂಡು ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನಗಳಲ್ಲೇ ಹೃದಯ ನಿಲ್ಲಬಹುದು. ಈ ಉತ್ತರ ಅಚ್ಚಾಗುವವರೆಗೆ ಕಾಯಬಾರದೆಂದು ನಿಮಗೆ ಮೊದಲೇ ತಿಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದ ಓದುಗರಿಗಾಗಿ. ಬೆಕ್ಕು ತಿಣುಕಿದರೂ ಹನಿಗಿಂತ ಹೆಚ್ಚು ಮೂತ್ರ ಬರುತ್ತಿಲ್ಲವೆಂದರೆ ರಾತ್ರಿಯಾದರೂ ವೈದ್ಯರನ್ನು ಹುಡುಕಬೇಕು. ಮೂತ್ರ ಬರಿಸಲೆಂದು ಹೊಟ್ಟೆ ಅದುಮಿದರೆ ಮೂತ್ರಕೋಶ ಒಡೆಯಬಹುದು.

ಗುಣವಾದ ಮೇಲೆ ಊಟ ಬದಲಿಸಿ. ಉಪ್ಪು ತುಂಬಿದ ಒಣಮೀನಿನ ಬದಲು ತಾರ್ಲೆಯನ್ನೋ ಬಂಗಡೆಯನ್ನೋ ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಬೇಯಿಸಿದ ನೀರಿನೊಡನೆ ಕೊಡಿ. ಕೆಲವು ಜಾತಿಯ ಹಸಿ ಮೀನುಗಳು ಬಿ1 ಜೀವಸತ್ವವನ್ನು ನಾಶಪಡಿಸುತ್ತವೆ. ಬೇಯಿಸಿದರೆ ಆ ತೊಂದರೆಯಿಲ್ಲ. ಮೀನೊಂದೇ ಸಾಲದು, ಕೋಳಿಮಾಂಸವೂ ಇರಲಿ. ನೀರಿನ ಬಟ್ಟಲುಗಳನ್ನು ಮನೆಯ ಎರಡು ಮೂರು ಕಡೆ ಇಡಿ.

ಪ್ರಶ್ನೆ: ಹಗಲಿಡೀ ಕಟ್ಟಿರುವ ನಮ್ಮ ನಾಯಿ ಕಂಡವರಿಗೆಲ್ಲ ಬೊಗಳುತ್ತದೆ. ಮೊನ್ನೆ ಪಕ್ಕದ ಮನೆಯ ಮಗುವಿನ ಕೈಗೆ ಹಲ್ಲು ತಾಗಿಸಿತು. ಚುಚ್ಚುಮದ್ದು ಹಾಕಿಸಿದ ನಾಯಿ, ಹೆದರಬೇಕಿಲ್ಲವಲ್ಲ?
– ಓದುಗರು, ಕುಮಟಾ

ಉತ್ತರ: ಮೊದಲು ಮಗುವಿನ ಮಾತು. ನಾಯಿಗೆ ಚುಚ್ಚುಮದ್ದು ಆಗಿದೆಯೆಂಬ ಧೈರ್ಯದಿಂದ ಸುಮ್ಮನಿರಬೇಡಿ. ಕಚ್ಚಿದ ತಕ್ಷಣ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಮೆತ್ತಬಾರದು. ಈವರೆಗೆ ವೈದ್ಯರಿಗೆ ತೋರಿಸಿಲ್ಲದಿದ್ದರೆ ಇಂದೇ ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಲು ನೆರೆಯವರ ಜೊತೆ ನೀವೂ ಹೋಗಿ. ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಯನ್ನು ಆರಂಭದ ದಿನ, ಅನಂತರ 3, 7 ಮತ್ತು 28ನೆಯ ದಿನ ಕೊಡುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ. ಕಚ್ಚಿದ ದಿನದಿಂದ 10 ದಿನ ನಾಯಿಯ ಮೇಲೆ ನಿಗಾ ಇರಲಿ, ಆದರೆ ಅಲ್ಲಿಯವರೆಗೆ ಮಗುವಿನ ಲಸಿಕೆ ಕಾಯಬಾರದು.

ಇನ್ನು ನಾಯಿಯ ಸ್ವಭಾವ. ಕಟ್ಟಿಹಾಕಿದ ನಾಯಿಗೆ ಭಯವಾದಾಗ ಹಿಂದೆ ಸರಿಯಲು ಜಾಗವಿರುವುದಿಲ್ಲ, ಆದ್ದರಿಂದ ಅದು ಮುನ್ನುಗ್ಗುತ್ತದೆ. ಬೆಳಿಗ್ಗೆ ಸಂಜೆ ಅರ್ಧ ಗಂಟೆಯಾದರೂ ಹಗ್ಗ ಹಿಡಿದು ನಡೆಸಿ, ಹಿತ್ತಲಿನ ಒಂದು ಭಾಗಕ್ಕೆ ಬೇಲಿ ಹಾಕಿ ಅಲ್ಲಿ ಬಿಡಿ, ದಾರಿ ಬದಿಯಲ್ಲಿ ಕಟ್ಟುವುದನ್ನು ನಿಲ್ಲಿಸಿ. ಗುರುಗುಟ್ಟಿದ್ದಕ್ಕೆ ಹೊಡೆಯುವವರನ್ನು ನಾನು ದಿನವೂ ನೋಡುತ್ತೇನೆ. ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆತದಿಂದ ಅದನ್ನು ಅಡಗಿಸಿದರೆ ನಾಯಿ ಮುಂದೆ ಸದ್ದಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ. ಅದು ಗುರುಗುಟ್ಟಿದಾಗ ಮಗುವನ್ನು ದೂರ ಕರೆದುಕೊಳ್ಳಿ. ಉಣ್ಣುತ್ತಿರುವಾಗ, ಮಲಗಿರುವಾಗ ಯಾವ ಮಗುವೂ ಅದರ ಬಳಿ ಒಂಟಿಯಾಗಿ ಹೋಗದಂತೆ ಎರಡೂ ಮನೆಯ ದೊಡ್ಡವರು ನೋಡಿಕೊಳ್ಳಬೇಕು.