ಕಲ್ಲಡ್ಕದಿಂದ ಚೆರ್ಕಳಕ್ಕೆ: ನಮ್ಮೂರಿನ ದಾರಿ

ನೀವು ಮಂಗಳೂರಿಗೆ ಹೊಸಬರು. ಎಡನೀರು ಮಠಕ್ಕೆ ಹೋಗಬೇಕು, ಕೇರಳಕ್ಕೆ ಹೋಗುವ ಆ ಒಳದಾರಿ ಹೇಗೆ ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದ ಮನೆ ಅದೇ ದಾರಿಯಲ್ಲಿ, ಪೆರ್ಲದ ಹತ್ತಿರ ಇದೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಬೆಂಗಳೂರು ಹೆದ್ದಾರಿಯಲ್ಲಿ ಬಿ.ಸಿ.ರೋಡ್ ದಾಟಿದರೆ ಕಲ್ಲಡ್ಕ. ಅಲ್ಲಿ ಒಂದು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯಿರಿ. ಗ್ಲಾಸಿನಲ್ಲಿ ಹಾಲಿನ ಮೇಲೆ ಚಹಾದ ಡಿಕಾಕ್ಷನ್ ಬೇರೆಯಾಗಿಯೇ ನಿಂತಿರುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ವೀರಕಂಬ, ವಿಟ್ಲ, ಅಡ್ಯನಡ್ಕ, ಸಾರಡ್ಕ. ಗಡಿ ದಾಟಿದ ಮೇಲೆ ಅಡ್ಕಸ್ಥಳ, ಪೆರ್ಲ, ಉಕ್ಕಿನಡ್ಕ, ಬದಿಯಡ್ಕ, ಎಡನೀರು. ಚೆರ್ಕಳದಲ್ಲಿ ಈ ರಸ್ತೆ 66ನೇ ರಾಷ್ಟ್ರೀಯ ಹೆದ್ದಾರಿಗೆ ಸೇರುತ್ತದೆ.

ಈ ಹೆಸರುಗಳಲ್ಲಿ ‘ಅಡ್ಕ’ ಎಷ್ಟು ಸಲ ಬಂತು ನೋಡಿ. ತುಳುವಿನಲ್ಲಿ ಅಡ್ಕ ಅಂದರೆ ಬಯಲು. ಗಡಿಯ ಈಚೆಗೂ ಅದೇ, ಆಚೆಗೂ ಅದೇ.

1956ರ ನವೆಂಬರ್ 1ರವರೆಗೆ ಇಲ್ಲಿ ಗಡಿಯೇ ಇರಲಿಲ್ಲ. ಇಡೀ ಕಾಸರಗೋಡು ತಾಲೂಕು ಮದ್ರಾಸಿನ ಕೆಳಗಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲಾ ಕಚೇರಿ ಮಂಗಳೂರಿನಲ್ಲಿತ್ತು. ರಾಜ್ಯಗಳು ಬೇರೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹಿರಿಯರು ಜಿಲ್ಲಾ ಕೇಂದ್ರದ ಕೆಲಸಕ್ಕೆ ಕಣ್ಣೂರಿಗೆ ಹೋಗಬೇಕಾಯಿತು. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು. ಅದು ಆಗಲಿಲ್ಲ. ಅದಕ್ಕಾಗಿ ಕೊನೆಯವರೆಗೂ ದನಿ ಎತ್ತಿದ ಕವಿ ಕಯ್ಯಾರ ಕಿಞ್ಞಣ್ಣ ರೈ ಇದ್ದದ್ದು ಇದೇ ಬದಿಯಡ್ಕದಲ್ಲಿ. ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡರು.

ಆದರೆ ಬದುಕು ಈ ರಸ್ತೆಯನ್ನು ಬಿಡಲಿಲ್ಲ. ನಮ್ಮದು ಅಡಿಕೆಯ ಊರು. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ, ಸುಲಿದು, ಚಾಲಿ ಮಾಡಿ ವಿಟ್ಲಕ್ಕೋ ಪುತ್ತೂರಿಗೋ ತರುವುದು ರೂಢಿ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಅಡಿಕೆ ಸಹಕಾರ ಸಂಸ್ಥೆ ಕ್ಯಾಂಪ್ಕೋ ಎರಡೂ ರಾಜ್ಯದ ಬೆಳೆಗಾರರದ್ದು. ತೋಟಗಳ ನಡುವೆ ಗೆರೆ ಎಳೆದು ನಮ್ಮನ್ನು ಬೇರೆ ಮಾಡಲಾಗದು ಅನ್ನುವುದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

2020ರ ಮಾರ್ಚ್‌ನಲ್ಲಿ ಮಾತ್ರ ಗಡಿ ಅಂದರೆ ಏನು ಅಂತ ಗೊತ್ತಾಯಿತು. ಕೊರೊನಾ ಹೊತ್ತಿಗೆ ಗಡಿಯ ಎಷ್ಟೋ ರಸ್ತೆಗಳಿಗೆ ಅಡ್ಡಲಾಗಿ ಮಣ್ಣು ಸುರಿದರು. ನಾನು ಮಂಗಳೂರಿನಲ್ಲಿ, ಅಮ್ಮ ಪೆರ್ಲದಲ್ಲಿ. ಅಮ್ಮನ ಬಿ.ಪಿ. ಮಾತ್ರೆ ಮುಗಿದಿತ್ತು. ಸಣ್ಣಪುಟ್ಟ ಜ್ವರ ಬಿಟ್ಟರೆ ನಮ್ಮವರು ಆಸ್ಪತ್ರೆಗೆ ಬರುವುದು ಮಂಗಳೂರಿಗೇ ಅಲ್ವಾ? ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನೀವು ಹೋಗುವ ಎಡನೀರು. ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಜಾಗದ ವಿಷಯದಲ್ಲಿ ಕೇರಳ ಸರ್ಕಾರದ ಮೇಲೆ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೇಳಿದರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಅನ್ನುವ 1973ರ ತೀರ್ಪು ಬಂದದ್ದು ಅದರಿಂದಲೇ. 2020ರಲ್ಲಿ ತೀರಿಕೊಂಡ ಆ ಸ್ವಾಮಿಗಳಿಗೆ ಯಕ್ಷಗಾನವೆಂದರೂ ಜೀವವಾಗಿತ್ತು.

ಮಳೆಗಾಲ ಕಳೆದ ಮೇಲೆ ಹೊರಡಿ, ತಿರುವುಗಳಲ್ಲಿ ನಿಧಾನ. ಬೋರ್ಡುಗಳಲ್ಲಿ ಮಲಯಾಳ ಕಂಡರೆ ಹೆದರಬೇಡಿ. ಪೆರ್ಲ ಪೇಟೆಯಲ್ಲಿ ದಾರಿ ಕನ್ನಡದಲ್ಲೇ ಕೇಳಿ.